ಹುರಿಹಿಟ್ಟಿನ ಬಣ್ಣ

ನಮ್ಮ ಮನೆಯಲ್ಲಿ ಕಾರಿನ ಸ್ಪಾರ್ಕ್ ಪ್ಲಗ್ಗು ಅಡುಗೆಮನೆಗೆ ಬರುತ್ತಿತ್ತು. ಅಂಗಳದ ಹೊಂಗೆ ಮರದ ಕೆಳಗೆ ಗಾಡಿ ನಿಲ್ಲಿಸಿ, ಸುಡುವ ಪ್ಲಗ್ಗನ್ನು ಒದ್ದೆ ಚಿಂದಿಯಲ್ಲಿ ಹಿಡಿದು ಬಿಚ್ಚಿ, ಅಪ್ಪ ಜಗುಲಿ ದಾಟಿ ನಡುಮನೆ ದಾಟಿ ಒಳಗೆ ಬರುತ್ತಿದ್ದ. ಅಮ್ಮ ಮುದ್ದೆ ಕೋಲನ್ನು ಬದಿಗಿಟ್ಟು, ಅದನ್ನು ಇಸಿದುಕೊಂಡು, ಹಿತ್ತಿಲ ಬಾಗಿಲಿನ ಬೆಳಕಿಗೆ ಹಿಡಿಯುತ್ತಿದ್ದಳು. ಒಂದು ಗಳಿಗೆ ನೋಡಿ ಒಂದೇ ಒಂದು ಮಾತು ಹೇಳುತ್ತಿದ್ದಳು. ಆ ಮಾತು ತೆಗೆದುಕೊಂಡು ಅಪ್ಪ ಮತ್ತೆ ಹೊರಗೆ ಹೋಗುತ್ತಿದ್ದ. ಒಲೆಯ ಮೇಲೆ ಹುರುಳಿ ಸಾರು ಕುದಿಯುತ್ತಲೇ ಇರುತ್ತಿತ್ತು. ಇದು ಎಲ್ಲರ ಮನೆಯಲ್ಲೂ ನಡೆಯುವ ಕೆಲಸವಲ್ಲ ಎಂದು ನನಗೆ ಗೊತ್ತಾಗುವ ಹೊತ್ತಿಗೆ ನಾನು ಶಾಲೆಗೆ ಹೋಗಲು ಶುರುಮಾಡಿ ಎರಡು ವರ್ಷವಾಗಿತ್ತು.

ಅಮ್ಮ ಹೋಗಿ ನಲವತ್ತು ದಿನವಾಯಿತು. ಗೌರಿಬಿದನೂರಿನ ಈ ಮನೆಯಲ್ಲಿ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಅಕ್ಕಿ ಆರಿಸಲು ಕೂತವಳು ಅರ್ಧಕ್ಕೇ ಎದ್ದು ಬಾಗಿಲಿಗೆ ಹೋಗಿ ನಿಲ್ಲುತ್ತೇನೆ. ಬೀದಿಯಲ್ಲಿ ಯಾವುದಾದರೂ ಗಾಡಿ ಸರಿಯಾಗಿ ಸ್ಟಾರ್ಟ್ ಆಗದೆ ಕೆಮ್ಮಿದರೆ, ಅದು ಹೊರಟುಹೋಗುವ ತನಕ ಒಳಗೆ ಬರಲಾಗುವುದಿಲ್ಲ. ಓದಿದ್ದು ಎಸ್ಸೆಸ್ಸೆಲ್ಸಿ, ಬರೆದು ಅಭ್ಯಾಸವಿಲ್ಲ. ಆದರೂ ಕೈಗೆ ಏನಾದರೂ ಕೆಲಸ ಬೇಕು ಎಂದು ಬರೆಯುತ್ತಿದ್ದೇನೆ. ಬೇರೆ ಯಾವುದನ್ನು ಬಿಟ್ಟರೂ, ಶಿಡ್ಲಘಟ್ಟದ ಆ ಮನೆಯನ್ನೂ ಅದರ ಅಂಗಳಕ್ಕೆ ಬಂದ ತಿದಿ ಕಾರನ್ನೂ ಬಿಡುವಂತಿಲ್ಲ.

ಮನೆ ಉದ್ದಕ್ಕೆ ರೈಲಿನ ಡಬ್ಬಿಯ ಹಾಗಿತ್ತು. ಮುಂದೆ ಅಂಗಳ, ಆಮೇಲೆ ಜಗುಲಿ, ನಡುಮನೆ, ಕತ್ತಲೆಯ ಅಡುಗೆಮನೆ, ಕೊನೆಗೆ ಹಿತ್ತಿಲು. ಬೀದಿಯ ಎರಡೂ ಕಡೆ ರೇಷ್ಮೆ ನೂಲು ತೆಗೆಯುವ ಮನೆಗಳು. ಬೇಯುತ್ತಿರುವ ಗೂಡಿನ ವಾಸನೆ ಬೆಳಗಿನಿಂದ ಸಂಜೆಯವರೆಗೂ ಇರುತ್ತಿತ್ತು, ಹಾಗಾಗಿ ಯಾರ ಮೂಗಿಗೂ ತಾಗುತ್ತಿರಲಿಲ್ಲ. ನಮ್ಮ ಮನೆಗೆ ಮಾತ್ರ ಅದರ ಮೇಲೆ ಇನ್ನೊಂದು ವಾಸನೆ, ಪೆಟ್ರೋಲಿನದು. ಅಪ್ಪ ಯುದ್ಧದ ಕಾಲದಲ್ಲಿ ಬೆಂಗಳೂರಿನ ಮಿಲಿಟರಿ ವರ್ಕ್‌ಶಾಪಿನಲ್ಲಿ ಕೆಲಸ ಕಲಿತವನು. ಊರಿನಲ್ಲಿ ಅವನಿಗೆ ಮೇಸ್ತ್ರಿ ನಾರಾಯಣಪ್ಪ ಎಂದು ಹೆಸರು. ಕಾರು, ಜೀಪು, ನೀರೆತ್ತುವ ಎಂಜಿನ್ನು, ಎಲ್ಲವೂ ಹೊಂಗೆ ಮರದ ಕೆಳಗೇ. ಊಟಕ್ಕೆ ಕೂತಾಗ ಅವನ ಉಗುರಿನ ಸಂದಿಯ ಕರಿ ಮುದ್ದೆಗೂ ಸ್ವಲ್ಪ ಅಂಟುತ್ತಿತ್ತು. ಅಮ್ಮ ದಿನಾ ಸೀಗೇಪುಡಿ ಕೊಟ್ಟು ಕೈ ತೊಳೆಸಿ, ಆಮೇಲೂ ಮೂಸಿ ನೋಡುತ್ತಿದ್ದಳು.

"ಇನ್ನೂ ಐತೆ ವಾಸ್ನೆ."

"ಚರ್ಮ ಕಿತ್ತು ಕೊಡ್ಲಾ? ಹಿತ್ತಿಲಲ್ಲಿ ಒಣಗಾಕು."

"ಒಣಗಾಕಿದ್ರೆ ಕಾಗೆನೂ ಮುಟ್ಟಲ್ಲ ಬಿಡಿ."

ಈ ಜಗಳ ನಗುವಿನದಲ್ಲ. ಅದರ ಹಿಂದೆ ಅಮ್ಮನ ಒಂದು ಆಸೆಯಿತ್ತು. ಅವಳು ಜಂಗಮಕೋಟೆಯ ಹುಳು ಸಾಕುವ ಮನೆಯ ಹುಡುಗಿ. ರೇಷ್ಮೆಹುಳಕ್ಕೆ ಪೆಟ್ರೋಲು, ಸೀಮೆಎಣ್ಣೆ, ಬೀಡಿ ಹೊಗೆ ಯಾವುದೂ ಆಗದು. ಸೊಪ್ಪು ಬಿಟ್ಟು ಕೂತುಬಿಡುತ್ತವೆ, ಸಾಯುತ್ತವೆ. ಆದ್ದರಿಂದ ಮದುವೆಯಾಗಿ ಬಂದ ದಿನದಿಂದ ಅವಳು ತನ್ನ ಮನೆಯಲ್ಲಿ ಒಂದು ತಟ್ಟೆ ಹುಳವನ್ನೂ ಇಟ್ಟುಕೊಳ್ಳಲಾಗಲಿಲ್ಲ. ನಡುಮನೆಯ ಪಕ್ಕದಲ್ಲಿ ಖಾಲಿ ಕೋಣೆಯೊಂದಿತ್ತು. ಅದನ್ನು ಅವಳು ಯಾವತ್ತೂ ಹುಳದ ಕೋಣೆ ಎಂದೇ ಕರೆಯುತ್ತಿದ್ದಳು, ಅಲ್ಲಿ ಹಳೇ ಟೈರುಗಳಿದ್ದರೂ.

ಇನ್ನು ಪ್ಲಗ್ಗಿನ ವಿಷಯ. ಅಪ್ಪನಿಗೆ ಬಣ್ಣ ಸರಿಯಾಗಿ ಕಾಣುತ್ತಿರಲಿಲ್ಲ. ನೀಲಿ ಕಾಣುತ್ತಿತ್ತು, ಕಪ್ಪು ಬಿಳುಪು ಕಾಣುತ್ತಿತ್ತು. ಕೆಂಪು, ಕಂದು, ಹಸಿರು, ಬೂದಿ ಇವೆಲ್ಲ ಅವನಿಗೆ ಒಂದೇ ಮನೆಯ ಮಕ್ಕಳು. ಇದನ್ನು ಕಂಡುಹಿಡಿದವಳು ಅಮ್ಮ, ಮದುವೆಯಾದ ಮೊದಲ ವರ್ಷ. ಹುಳ ಹಣ್ಣಾಗುವ ದಿನ ಹೊಸ ಅಳಿಯನನ್ನೂ ಸ್ನಾನ ಮಾಡಿಸಿ ಮಡಿ ಪಂಚೆ ಉಡಿಸಿ ಕೆಲಸಕ್ಕೆ ಕೂರಿಸಿದರಂತೆ. ಸೊಪ್ಪು ತಿಂದು ಬೆಳೆದ ಹುಳು ಕೊನೆಗೆ ತಿನ್ನುವುದನ್ನು ಬಿಟ್ಟು ಹಳದಿಗೆ ತಿರುಗುತ್ತದೆ, ಅದೇ ಹಣ್ಣಾಗುವುದು. ಹಣ್ಣಾದದ್ದನ್ನು ಆರಿಸಿ ಆರಿಸಿ ಚಂದ್ರಂಕಿಗೆ, ಅಂದರೆ ಗೂಡು ಕಟ್ಟಲೆಂದು ಬಿದಿರಿನಲ್ಲಿ ಸುತ್ತು ಸುತ್ತಾಗಿ ಹೆಣೆದ ತಟ್ಟಿಗೆ, ಬಿಡಬೇಕು. ತಡಮಾಡಿದರೆ ದಾರ ದಂಡ. ಅಪ್ಪ ಬೊಗಸೆ ತುಂಬ ಆರಿಸಿದ್ದು ಅರ್ಧಕ್ಕರ್ಧ ಹಸಿರು ಹುಳ. ಅಮ್ಮನ ಅಣ್ಣ ನಕ್ಕನಂತೆ. ಅಮ್ಮ ನಗಲಿಲ್ಲ. ಅವತ್ತು ಸಂಜೆ ಗಂಡನನ್ನು ಹಿತ್ತಿಲಿಗೆ ಕರೆದು ಒಂದು ಕೈಯಲ್ಲಿ ಹಣ್ಣು ಮೆಣಸಿನಕಾಯಿ, ಇನ್ನೊಂದರಲ್ಲಿ ಹಸಿ ಮೆಣಸಿನಕಾಯಿ ಹಿಡಿದು ಕೇಳಿದಳಂತೆ. ಅವನು ತಲೆ ತಗ್ಗಿಸಿದ.

ಎಂಜಿನ್ನಿಗೂ ಬಣ್ಣಕ್ಕೂ ಏನು ಸಂಬಂಧ ಎಂದರೆ ಇಷ್ಟು. ಎಂಜಿನ್ನಿನೊಳಗೆ ಪೆಟ್ರೋಲೂ ಗಾಳಿಯೂ ಹದವಾಗಿ ಬೆರೆತು ಉರಿಯಬೇಕು. ಹದ ನೋಡಲು ಅಪ್ಪನಿಗಿದ್ದ ದಾರಿ ಒಂದೇ: ಗಾಡಿಯನ್ನು ಏರಿನಲ್ಲಿ ಜೋರಾಗಿ ಎಳೆಸಿ, ಆ ಎಳೆತದಲ್ಲೇ ಥಟ್ಟನೆ ಎಂಜಿನ್ನು ಆರಿಸಿ, ಪ್ಲಗ್ಗು ಬಿಚ್ಚಿ ಅದರ ಮೂತಿಯ ಬಣ್ಣ ನೋಡುವುದು. ಪೆಟ್ರೋಲು ಹೆಚ್ಚಾಗಿದ್ದರೆ ಮಸಿ. ಗಾಳಿ ಹೆಚ್ಚಾಗಿದ್ದರೆ ಬೂದಿ. ಎರಡರ ನಡುವೆ, ಹುರಿದ ರಾಗಿ ಹಿಟ್ಟಿನ ಬಣ್ಣ ಬಂದರೆ ಹದ. ಮಸಿಯನ್ನು ಅಪ್ಪನೇ ಗುರುತಿಸುತ್ತಿದ್ದ. ಬೂದಿಗೂ ಹುರಿಹಿಟ್ಟಿಗೂ ವ್ಯತ್ಯಾಸ ಅವನಿಗೆ ತಿಳಿಯುತ್ತಿರಲಿಲ್ಲ. ಅದಕ್ಕೇ ಮದುವೆಗೆ ಮುಂಚೆ ಅವನು ಹೆದರಿ ಎಲ್ಲ ಗಾಡಿಗೂ ಪೆಟ್ರೋಲು ಹೆಚ್ಚಾಗಿಯೇ ಬಿಟ್ಟಿರುತ್ತಿದ್ದನಂತೆ. ಊರು ಅವನನ್ನು ಹೊಗೆ ಮೇಸ್ತ್ರಿ ಎನ್ನುತ್ತಿತ್ತು. ಅಮ್ಮ ಬಂದ ಮೇಲೆ ಹೊಗೆ ನಿಂತಿತು. ಜಂಗಮಕೋಟೆಯಲ್ಲಿ ಹತ್ತು ಸಾವಿರ ಹುಳದ ನಡುವೆ ಹಣ್ಣಾದದ್ದನ್ನು ಒಂದೇ ನೋಟಕ್ಕೆ ಆರಿಸುತ್ತಿದ್ದ ಕಣ್ಣು ಅದು. ಅವಳಿಗೆ ಪ್ಲಗ್ಗು ಯಾವ ಲೆಕ್ಕ. ಬಂದವರ ಮುಂದೆ ಅಪ್ಪ "ಒಳಗೆ ತೋರಿಸ್ಕೊಂಡ್ ಬರ್ತೀನಿ" ಎಂದಷ್ಟೇ ಹೇಳುತ್ತಿದ್ದ. ದೇವರ ಮುಂದೆ ಇಟ್ಟು ಅಪ್ಪಣೆ ಕೇಳುತ್ತಾನೆ ಎಂದು ಜನ ತಿಳಿದಿದ್ದರು. ಒಬ್ಬ ಜೀಪಿನವನು ಪ್ಲಗ್ಗಿನ ಜೊತೆ ತೆಂಗಿನಕಾಯನ್ನೂ ಕೊಟ್ಟಿದ್ದ. ಅವತ್ತು ನಮ್ಮ ಮನೆಯಲ್ಲಿ ಕಾಯಿ ಚಟ್ನಿ. ಬಣ್ಣ ಕಾಣದ ಮೇಸ್ತ್ರಿ ಎಂದು ಗೊತ್ತಾದರೆ ಯಾರು ಗಾಡಿ ತರುತ್ತಾರೆ? ಆದ್ದರಿಂದ ಇದು ಮನೆಯ ಗುಟ್ಟು. ನನಗೆ ಯಾರೂ ಹೇಳಲಿಲ್ಲ, ಯಾರಿಗೂ ಹೇಳಬೇಡ ಎಂದೂ ಹೇಳಲಿಲ್ಲ. ನನಗೆ ಗೊತ್ತಿತ್ತು, ಅಷ್ಟೇ.

ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ತಿದಿ ಕಾರು ಬಂತು. ಮೇಲೂರಿನ ಪಿಳ್ಳೇಗೌಡರು ಬೆಂಗಳೂರಿನ ಹರಾಜಿನಲ್ಲಿ ಕೊಂಡದ್ದು. ಯಾವನೋ ತೋಟದ ಬಿಳಿ ದೊರೆ ಬಿಟ್ಟುಹೋದದ್ದಂತೆ. ಮೇಲೆ ಮುಚ್ಚಿಗೆಯಿಲ್ಲ, ಮೂತಿ ಮೊಸಳೆಯಷ್ಟು ಉದ್ದ. ಅದನ್ನು ಎತ್ತು ಕಟ್ಟಿ ಎಳೆದುಕೊಂಡು ಬಂದಿದ್ದರು. ಅಪ್ಪ ಮೂತಿ ತೆರೆದು ಬಗ್ಗಿ ಒಂದೊಂದನ್ನೇ ಮುಟ್ಟಿ ಮುಟ್ಟಿ ನೋಡಿದ. ಆಮೇಲೆ ಅಮ್ಮನನ್ನೂ ನನ್ನನ್ನೂ ಕರೆದು ಎಂಜಿನ್ನಿನ ಮುಂದೆ ಕೂಡಿಸಿದ್ದ ಕುಂಬಳಕಾಯಿಯಷ್ಟು ದಪ್ಪದ ಕಬ್ಬಿಣದ ಡಬ್ಬಿಯನ್ನು ತೋರಿಸಿದ.

"ಬೇರೆ ಎಂಜಿನ್ನು ತನಗೆ ಬೇಕಾದಷ್ಟು ಉಸಿರು ತಾನೇ ಎಳ್ಕೊಳ್ತದೆ. ಇದಕ್ಕೆ ಹಂಗಲ್ಲ, ತಿದಿ ಕಟ್ಟವ್ರೆ. ಕುಲುಮೇಲಿ ಊದ್ತಾರಲ್ಲ, ಹಂಗೆ ಬಾಯಿಗಿಟ್ಟು ಊದ್ತದೆ. ಎಷ್ಟು ಗಾಳಿ ಊದ್ತದೋ ಅಷ್ಟಕ್ಕೆ ಪೆಟ್ರೋಲ್ ಸಿಕ್ಕಬೇಕು."

"ಸಿಕ್ಕದಿದ್ರೆ?" ಎಂದಳು ಅಮ್ಮ.

"ಬೇರೆ ಗಾಡಿ ಆದ್ರೆ ಗೊಣಗ್ತದೆ, ನಿಂತ್ಕೊಳ್ತದೆ. ಇದು ಗೊಣಗಲ್ಲ ಕಣೇ. ಸಾಯೋ ಮುಂಚೆ ಇದು ಹಾಡ್ತದೆ. ಹಾಡ್ತಾ ಹಾಡ್ತಾನೇ ಪಿಸ್ಟನ್ ಕರಗಿ ತೂತಾಗ್ತದೆ."

ಅಮ್ಮ ಆ ಡಬ್ಬಿಯನ್ನು ಮುಟ್ಟದೆ ಹಿಂದೆ ಸರಿದಳು. ಆದರೆ ಗೌಡರು ಇನ್ನೊಂದು ಮಾತು ಹೇಳಿಹೋಗಿದ್ದರು. ಅವರು ಚಿಂತಾಮಣಿಯಿಂದ ಚಿಕ್ಕಬಳ್ಳಾಪುರಕ್ಕೆ ಎರಡು ಬಸ್ಸು ಬಿಡುವವರಿದ್ದರು. ಈ ಕಾರನ್ನು ಮಗನ ದಿಬ್ಬಣದ ಹೊತ್ತಿಗೆ ಸರಿಮಾಡಿಕೊಟ್ಟರೆ ಬಸ್ಸುಗಳನ್ನು ನೋಡಿಕೊಳ್ಳುವ ಕೆಲಸ ಅಪ್ಪನಿಗೆ. ಊರಾಚೆ ಅವರ ಜಾಗದಲ್ಲಿ ಶೆಡ್ಡು ಹಾಕಿಕೊಡುತ್ತಾರೆ. ಶೆಡ್ಡು ಎಂದರೆ ಎಂಜಿನ್ನುಗಳು ಮನೆಯಿಂದ ಹೊರಗೆ. ಪೆಟ್ರೋಲು ಮನೆಯಿಂದ ಹೊರಗೆ. ಅವತ್ತು ರಾಗಿ ಬೀಸುತ್ತಾ ಅಮ್ಮ, ಯಾರೂ ಕೇಳದಿದ್ದರೂ, ಹುಳದ ಕೋಣೆಗೆ ಕಿಟಕಿ ಎಲ್ಲಿ ಒಡೆಯಬೇಕು ಎಂದು ಹೇಳುತ್ತಿದ್ದಳು.

ಕಾರು ಹೊಗೆ ಕಾರುತ್ತಾ ಸ್ಟಾರ್ಟ್ ಆಯಿತು. ಸದ್ದು ಬೀದಿ ತುಂಬ. ಪಕ್ಕದ ಮನೆಯವರು ನೂಲಿನ ರಾಟೆ ಬಿಟ್ಟು ಬಂದು ನೋಡಿದರು. ಅಪ್ಪ ಮೊದಲು ಪೆಟ್ರೋಲನ್ನು ಧಾರಾಳವಾಗಿ ಬಿಟ್ಟುಕೊಂಡು, ಆಮೇಲೆ ಕಾರ್ಬೊರೇಟರ್‌ನ ತಳದಲ್ಲಿದ್ದ ಆರು ಮುಖದ ನಟ್ಟನ್ನು ಒಂದೊಂದೇ ಮುಖ ತಿರುಗಿಸಿ ಕಡಿಮೆ ಮಾಡುತ್ತಾ ಬಂದ. ಒಂದು ಮುಖ ತಿರುಗಿಸುವುದು, ಗೌಡರ ಡ್ರೈವರ್ ವೆಂಕಟರಾಯಪ್ಪನನ್ನು ಕೂರಿಸಿಕೊಂಡು ಏರಿನ ತನಕ ಹೋಗುವುದು, ಪ್ಲಗ್ಗು ತರುವುದು, ಅಮ್ಮನ ಕೈಗೆ ಕೊಡುವುದು.

"ಬಾಣಲಿ ತಳ."

ಮತ್ತೆ ಒಂದು ಮುಖ.

"ಬಾಣಲಿ ತಳಾನೇ. ಉಜ್ಜಿದ್ದು."

ಮತ್ತೊಂದು.

"ಈಗ ಪರವಾಗಿಲ್ಲ. ಕರಿ ಹೋಗೈತೆ. ಕಾಫಿ ಬೀಜ ಸೀದಂಗೈತೆ. ಇನ್ನೊಂಚೂರು."

ಆ ಇನ್ನೊಂಚೂರಿನ ಮಧ್ಯೆ ಜಂಗಮಕೋಟೆಯಿಂದ ಮಾವ ಸೈಕಲ್ಲಿನಲ್ಲಿ ಬಂದ. ಅಂಗಳದೊಳಕ್ಕೆ ಕಾಲಿಡದೆ ಬೀದಿಯಲ್ಲೇ ನಿಂತು ಕೂಗಿದ. ಹುಳಮನೆಯಿಂದ ಬರುವವರು ಯಾವತ್ತೂ ಹಾಗೇ.

"ಹುಳ ಹಣ್ಣಾಗ್ತಾ ಐತೆ ಬಾಮ್ಮ! ಒಂದೇ ಸಲಕ್ಕೆ ತಿರುಗ್ಕೊಂಡೈತೆ. ಕೈ ಸಾಲ್ತಿಲ್ಲ."

ಹುಳ ಹಣ್ಣಾದರೆ ಹೆಣ್ಣುಮಕ್ಕಳು ಎಲ್ಲಿದ್ದರೂ ತವರಿಗೆ ಹೋಗಲೇಬೇಕು. ಅಮ್ಮ ತಲೆಗೆ ನೀರು ಹಾಕಿಕೊಂಡು, ಅದಕ್ಕೆಂದೇ ಬೇರೆ ಪೆಟ್ಟಿಗೆಯಲ್ಲಿಟ್ಟಿದ್ದ ಸೀರೆ ಉಟ್ಟು ಹೊರಟಳು. ನನ್ನನ್ನೂ ಕರೆದುಕೊಂಡು ಹೋಗು ಎಂದು ನಾನು ಅಳತೊಡಗಿದೆ. ಶಾಲೆ ಐತೆ ಎಂದಳು. ಬಾಗಿಲಲ್ಲಿ ಅಪ್ಪನಿಗೆ ಹೇಳಿದ್ದು ನನಗೆ ಕೇಳಿಸಿತು.

"ಮೂರು ದಿನ. ನಾನು ಬರೋಗಂಟ ನಟ್ಟು ಮುಟ್ಟಬೇಡಿ. ಹಿಂಗೇ ಇದ್ರೂ ಹೊಗೆ ಬರ್ತದೆ, ಸಾಯಲ್ಲ."

"ಆಯ್ತು ಹೋಗು."

ಒಂದು ದಿನ ಅಪ್ಪ ಮುಟ್ಟಲಿಲ್ಲ. ಕಾರಿನ ಸುತ್ತ ಸುತ್ತಿದ, ತೊಳೆದ, ಒರೆಸಿದ, ಸ್ಪ್ಯಾನರುಗಳನ್ನು ಸಾಲಾಗಿ ಜೋಡಿಸಿ ಮತ್ತೆ ಕೆದರಿದ. ಅನ್ನಕ್ಕೆ ಉಪ್ಪು ಹಾಕುವುದನ್ನು ಮರೆತ. ನಾನೂ ಅಷ್ಟೇ, ಶಾಲೆಯಿಂದ ಓಡಿಬಂದು ಬೀದಿ ಕೊನೆಗೆ ಹೋಗಿ ನೋಡುವುದು, ಬರುವುದು. ಅಮ್ಮನಿಲ್ಲದ ಅಡುಗೆಮನೆಯಲ್ಲಿ ಹುರಿಹಿಟ್ಟಿನ ಡಬ್ಬಿ ತೆಗೆದು ಮುಚ್ಚಳ ಮೂಸಿ ಇಡುವುದು. ಎರಡನೇ ದಿನ ಬೆಳಿಗ್ಗೆ ಪಿಳ್ಳೇಗೌಡರೇ ಬಂದರು. ಕಾರಿನ ಹಿಂದೆ ನಿಂತು ಹೊಗೆ ನೋಡಿದರು.

"ಏನಪ್ಪಾ ನಾರಾಯಣಪ್ಪ, ಮದುವೆ ಗಂಡು ಈ ಹೊಗೇಲಿ ಕೂತು ಹೋದ್ರೆ ಹೆಣ್ಣಿನೋರು ಇದ್ದಲು ಸುಡೋನು ಅಂದ್ಕೊಳ್ತಾರೆ. ನಾಡಿದ್ದು ದಿಬ್ಬಣ. ಆಗ್ತದೋ ಇಲ್ವೋ ಹೇಳ್ಬಿಡು."

"ಆಗ್ತದೆ ಗೌಡ್ರೇ. ನಾಳೆ ಸಂಜೆಗೆ..."

"ಇವತ್ತು ಸಂಜೆಗೆ."

ಅವರು ಹೋದ ಮೇಲೆ ಅಪ್ಪ ಜಗುಲಿಯಲ್ಲಿ ಕೂತ. ನಾನು ಕಂಬ ಹಿಡಿದು ನಿಂತಿದ್ದೆ. ವೆಂಕಟರಾಯಪ್ಪ ಬೀಡಿ ಸೇದಲು ಬೀದಿಗೆ ಹೋಗಿದ್ದ. ಅಪ್ಪ ನನ್ನ ಮುಖ ನೋಡದೆ ಕೇಳಿದ.

"ರತ್ನಮ್ಮ, ಪ್ಲಗ್ಗಲ್ಲಿ ನಿಮ್ಮಮ್ಮ ಏನ್ ನೋಡ್ತಾಳೆ, ಗೊತ್ತಾ ನಿಂಗೆ?"

"ಗೊತ್ತು. ಹುರಿಹಿಟ್ಟು."

ಅಪ್ಪ ಈಗ ತಿರುಗಿ ನನ್ನ ಮುಖ ನೋಡಿದ. ನನಗೆ ಎಲ್ಲವೂ ಗೊತ್ತಿದೆ ಎಂದು ಅವನಿಗೆ ಗೊತ್ತಾದದ್ದು ಆಗಲೇ ಇರಬೇಕು.

"ಇವತ್ತು ನೀನು ನೋಡಿ ಹೇಳ್ತೀಯಾ? ಹುರಿಹಿಟ್ಟು ಬಂತು ಅಂದ್ರೆ, ಇದೇ ಕಾರನ್ನ ಜಂಗಮಕೋಟೆಗಂಟ ಓಡಿಸಿ ನೋಡಣ. ನಿಮ್ಮಮ್ಮನ್ನೂ ನೋಡ್ಕೊಂಡು ಬರಣ."

ಆ ಕಡೆಯ ಮಾತು ಅವನು ನನ್ನನ್ನು ಖುಷಿಪಡಿಸಲು ಹೇಳಿದ್ದು. ನನ್ನ ತಲೆಯಲ್ಲಿ ಉಳಿದದ್ದು ಅದೊಂದೇ.

ಮೊದಲ ಪ್ಲಗ್ಗು ಬಂತು. ಅಮ್ಮನ ಹಾಗೆಯೇ ಹಿತ್ತಿಲ ಬಾಗಿಲಿಗೆ ಒಯ್ದು ನೋಡಿದೆ. ಕಾಫಿ ಬೀಜ. ಹಾಗೇ ಹೇಳಿದೆ. ಅಪ್ಪನ ಮುಖದಲ್ಲಿ ನಂಬಿಕೆ ಬಂತು. ಹೊರಗೆ ಹೋಗಿ ನಟ್ಟು ತಿರುಗಿಸಿದ. ಒಂದು ಮುಖವೋ ಎರಡೋ, ಅವನಿಗೂ ಅವಸರವಿತ್ತು. ಅವರು ಏರಿಗೆ ಹೋಗಿ ಬರುವಷ್ಟರಲ್ಲಿ ನಾನು ಮುಖ ತೊಳೆದು, ಜಡೆ ಬಿಚ್ಚಿ ಮತ್ತೆ ಹಾಕಿಕೊಂಡು, ಹಬ್ಬದ ಲಂಗ ಉಟ್ಟು ನಿಂತಿದ್ದೆ. ಎರಡನೇ ಪ್ಲಗ್ಗು ಬಂತು. ಬೆಳಕಿಗೆ ಹಿಡಿದೆ. ಹುರಿಹಿಟ್ಟಲ್ಲ. ಒಲೆಯ ಬೂದಿ. ತಣ್ಣಗಾದ ಒಲೆಯ ಬಾಯಲ್ಲಿ ಇರುವಂಥದ್ದೇ, ನನ್ನ ಕಾಲ ಬಳಿಯೇ ಇತ್ತು ಅದು, ಒಂದರ ಪಕ್ಕ ಒಂದು ಹಿಡಿದು ನೋಡಬಹುದಿತ್ತು. ನನಗೆ ಗೊತ್ತಾಗಲಿಲ್ಲ ಎಂದು ಈಗಲೂ ಬರೆಯಬಹುದು. ಒಂಬತ್ತು ವರ್ಷದ ಹುಡುಗಿ ಎಂದು ಓದಿದವರು ನಂಬುತ್ತಾರೆ. ಗೊತ್ತಿತ್ತು. ಬೂದಿ ಎಂದರೆ ಮತ್ತೆ ನಟ್ಟು, ಮತ್ತೆ ಏರು, ಮತ್ತೆ ಪ್ಲಗ್ಗು, ಅಷ್ಟರಲ್ಲಿ ಸಂಜೆ, ಗೌಡರು ಬಂದು ಕಾರು ತೆಗೆದುಕೊಂಡು ಹೋಗುತ್ತಾರೆ. ಜಂಗಮಕೋಟೆ ಇಲ್ಲ.

"ಹುರಿಹಿಟ್ಟು," ಎಂದೆ.

"ದಿಟವಾಗ್ಲೂ?"

"ಹೂಂ ಅಪ್ಪ."

ಅಪ್ಪ ನನ್ನ ತಲೆ ಸವರಿದ. ಕೂದಲಿಗೆ ಗ್ರೀಸು ಹತ್ತಿತು.

ಮುಂದೆ ಅಪ್ಪನ ಪಕ್ಕ ವೆಂಕಟರಾಯಪ್ಪ, ಹಿಂದಿನ ಸೀಟಿನಲ್ಲಿ ನಾನು ಒಬ್ಬಳೇ ಕೂತೆ. ಊರು ದಾಟುತ್ತಲೇ ಹಿಪ್ಪುನೇರಳೆ ತೋಟಗಳು ಎರಡೂ ಕಡೆ ಓಡತೊಡಗಿದವು. ಹೊಗೆ ಇರಲಿಲ್ಲ. ಜಂಗಮಕೋಟೆಗೆ ಮುಂಚೆ ಒಂದು ಏರು ಬರುತ್ತದೆ. ಅಲ್ಲಿ ಅಪ್ಪ ಕಾಲು ಒತ್ತಿದ. ತಿದಿಯ ಸದ್ದು ಸಣ್ಣಗೆ ಶುರುವಾಗಿ ಮೇಲೇರಿತು, ಯಾರೋ ದೂರದಲ್ಲಿ ಶಂಖ ಊದುತ್ತಾ ಹತ್ತಿರ ಬಂದಂತೆ. ಕಾರು ಏರನ್ನು ಏರೆಂದೇ ತಿಳಿಯಲಿಲ್ಲ. ಅಪ್ಪ ತಿರುಗಿ ನನ್ನನ್ನು ನೋಡಿ ನಕ್ಕ. ಅವನ ಹಲ್ಲು ಅಷ್ಟು ಕಾಣುವಂತೆ ನಕ್ಕದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಹಾಡುತ್ತದೆ ಎಂದು ಅವನೇ ಹೇಳಿದ್ದ. ನನಗೆ ಅದು ನೆನಪಾಯಿತು. ಬಾಯಿ ತೆರೆದೆ. ಗಾಳಿ ಬಾಯೊಳಗೆ ತುಂಬಿತು.

ಒಳಗೆ ಯಾರೋ ಸುತ್ತಿಗೆಯಿಂದ ಹೊಡೆದಂತಾಯಿತು. ನೀಲಿ ಹೊಗೆ ಎದ್ದಿತು. ಕಾರು ಏರಿನ ನೆತ್ತಿಯ ಹತ್ತಿರ ನಿಂತಿತು. ಅಪ್ಪ ಇಳಿದು ಮೂತಿ ತೆರೆದು, ಕೈ ಸುಟ್ಟುಕೊಂಡು ಪ್ಲಗ್ಗು ಬಿಚ್ಚಿದ. ಅದರ ಮೂತಿ ಬೆಳ್ಳಗಿತ್ತು. ಅದರ ಮೇಲೆ ಸಾಸಿವೆಯಂಥ ಹೊಳೆಯುವ ಚುಕ್ಕಿಗಳು, ಕರಗಿದ ಪಿಸ್ಟನ್ನಿನವು. ಅವು ಅಪ್ಪನಿಗೂ ಕಾಣುತ್ತಿದ್ದವು. ವೆಂಕಟರಾಯಪ್ಪ ಬಗ್ಗಿ ನೋಡಿ ತನ್ನ ತೆಲುಗಿನಲ್ಲಿ ಕೂಗಿದ.

"ಕಂಡ್ಲು ಕನಪಡವಾ ಮೇಸ್ತ್ರೀ? ಕಣ್ಣು ಕಾಣಿಸಲ್ವಾ? ಸುಣ್ಣ ಬಳ್ದಂಗೈತಲ್ಲಯ್ಯಾ! ಇದನ್ನ ನೋಡ್ಕೊಂಡೇ ಬಿಟ್ಯಾ?"

ಅವನು ಸುಮ್ಮನೆ ಬೈಗುಳವಾಗಿ ಹೇಳಿದ್ದು. ಆದರೆ ಅಪ್ಪನ ಮುಖದ ರಕ್ತ ಇಳಿದುಹೋಯಿತು. ಪ್ಲಗ್ಗನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡ. ನನ್ನ ಕಡೆ ನೋಡಲಿಲ್ಲ.

"ನಂದೇ ಅವಸರ ಕಣಪ್ಪ. ಕಾರು ಎಳೆಯೋಕೆ ಎತ್ತು ಸಿಗ್ತವಾ ನೋಡು ಹೋಗು," ಎಂದ.

ಜಂಗಮಕೋಟೆ ಒಂದು ಮೈಲಿಯಿರಬಹುದು. ಅಪ್ಪನೂ ನಾನೂ ನಡೆದೆವು. ಅವನ ಹೆಜ್ಜೆಗೆ ನಾನು ಓಡಬೇಕಾಗಿತ್ತು. ಅಜ್ಜಿಯ ಮನೆ ಮುಂದಿನ ಹುಣಸೆ ಮರದ ಕೆಳಗೆ ನಿಂತ. ಅದಕ್ಕಿಂತ ಒಳಗೆ ಅವನು ಬರುವಂತಿರಲಿಲ್ಲ. ಯಾರೋ ಒಳಗೆ ಹೇಳಿರಬೇಕು, ಅಮ್ಮ ಬಂದಳು. ಅಂಗೈ ಮೇಲೆ ಒಂದು ಹಣ್ಣು ಹುಳ ಹಾಗೇ ಇತ್ತು, ಇಡುವುದನ್ನು ಮರೆತು ಬಂದಿದ್ದಳು. ಅಪ್ಪ ದೂರದಿಂದಲೇ ಅಂಗೈ ಬಿಚ್ಚಿ ಪ್ಲಗ್ಗು ತೋರಿಸಿದ. ಇಬ್ಬರೂ ಹಾಗೆ ಅಂಗೈ ಚಾಚಿ ನಿಂತಿದ್ದರು.

"ಬೂದಿ," ಎಂದಳು ಅಮ್ಮ. ಆಮೇಲೆ, "ಯಾರು ನೋಡಿದ್ದು ಇದನ್ನ?"

"ನಾನೇ ನೋಡ್ಕೊಂಡೆ."

ಅಮ್ಮ ಅಪ್ಪನನ್ನು ನೋಡಿದಳು. ನಾನು ಓಡಿಹೋಗಿ ಅವಳ ಸೀರೆ ಹಿಡಿದುಕೊಂಡೆ. ಅಯ್ಯೋ ಪೆಟ್ರೋಲು ಕೈ ಎಂದು ಒಳಗಿನಿಂದ ಅಜ್ಜಿ ಕೂಗಿದಳು. ಆ ಸೀರೆಯಲ್ಲಿ ಇನ್ನು ಹುಳಮನೆಗೆ ಹೋಗುವಂತಿಲ್ಲ. ಮತ್ತೆ ಸ್ನಾನ, ಮತ್ತೆ ಬೇರೆ ಸೀರೆ, ಒಳಗೆ ಸಾವಿರ ಹುಳ ಕಾಯುತ್ತಿವೆ. ಅಮ್ಮ ನನ್ನ ಕೈ ಬಿಡಿಸಲಿಲ್ಲ. ಅಂಗೈಯ ಹುಳವನ್ನು, ಹಿಂದೆಯೇ ಬಂದಿದ್ದ ಮಾವನ ಹೆಂಡತಿಯ ಕೈಗೆ ದಾಟಿಸಿದಳು. ಹುಳ ಆಗಲೇ ಅಮ್ಮನ ಬೆರಳಿಗೆ ಎಳೆ ಬಿಟ್ಟಿತ್ತು.

"ಹಣ್ಣಾಗಿದ್ದನ್ನ ಕೈಯಲ್ಲಿ ಇಟ್ಕೋಬಾರ್ದು ಕಣೇ," ಎಂದು ನನಗೆ ಹೇಳಿದಳು, ಏನೂ ಆಗದವಳ ಹಾಗೆ. "ದಾರ ಎಲ್ಲ ಕೈಗೇ ಹೋಗ್ತದೆ. ಚಂದ್ರಂಕಿಗೆ ಬಿಟ್ಬಿಡಬೇಕು."

ದಿಬ್ಬಣ ಬಾಡಿಗೆ ಕಾರಿನಲ್ಲಿ ಹೋಯಿತು. ಬಸ್ಸುಗಳು ಬಂದವು, ಅವುಗಳನ್ನು ನೋಡಿಕೊಳ್ಳಲು ಚಿಂತಾಮಣಿಯವನೊಬ್ಬ ಬಂದ. ತಿದಿ ಕಾರು ಹೊಸ ಪಿಸ್ಟನ್ನಿಗೆ ಕಾಯುತ್ತಾ ಒಂದು ಮಳೆಗಾಲ ಪೂರ್ತಿ ನಮ್ಮ ಹೊಂಗೆ ಮರದ ಕೆಳಗೇ ಇತ್ತು. ಸೀಟಿನ ಮೇಲೆ ಹೊಂಗೆ ಹೂ ಬಿದ್ದು ಕೊಳೆಯಿತು. ಟೈರುಗಳ ಕೋಣೆಗೆ ಕಿಟಕಿ ಒಡೆಯಲಿಲ್ಲ. ಅಮ್ಮ ಅದನ್ನು ಹುಳದ ಕೋಣೆ ಎನ್ನುವುದನ್ನು ಬಿಟ್ಟಳು. ಯಾವತ್ತಿನಿಂದ ಎಂದು ನನಗೆ ನೆನಪಿಲ್ಲ, ಒಂದು ದಿನ ಟೈರಿನ ಕೋಣೆಯಿಂದ ಪೊರಕೆ ತಾ ಎಂದಳು. ಆ ದಿನಗಳಲ್ಲಿ ಅಪ್ಪ ಅಮ್ಮ ಜಗಳವಾಡುತ್ತಿದ್ದರು. ಉಪ್ಪಿಗೆ, ಸೌದೆಗೆ, ಬಾಗಿಲು ಹಾಕದೆ ಬಿಟ್ಟಿದ್ದಕ್ಕೆ. ಕಾರಿನ ವಿಷಯಕ್ಕೆ ಮಾತ್ರ ಇಲ್ಲ. ಪ್ರತಿ ಜಗಳದಲ್ಲೂ ನಾನು, ಈಗ ಬರುತ್ತದೆ ಆ ಮಾತು, ಈಗ ಬರುತ್ತದೆ ಎಂದು ಕಂಬದ ಹಿಂದೆ ನಿಂತು ಕಾಯುತ್ತಿದ್ದೆ. ಬರಲಿಲ್ಲ. ಬಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

ಬದಲಿಗೆ ಒಂದು ಮಧ್ಯಾಹ್ನ ಅಮ್ಮ ನನ್ನನ್ನು ಹಿತ್ತಿಲ ಬಾಗಿಲಲ್ಲಿ ಕೂರಿಸಿದಳು. ರಾಗಿಯನ್ನು ಬೇರೆ ಬೇರೆ ಹದಕ್ಕೆ ಹುರಿದು ಬೀಸಿ ಮುತ್ತುಗದ ಎಲೆಯ ಮೇಲೆ ಚಿಟಿಕೆ ಚಿಟಿಕೆ ಸಾಲಾಗಿ ಇಟ್ಟಿದ್ದಳು. ಸಾಲಿನ ಈ ತುದಿಗೆ ಒಲೆಯ ಬೂದಿ, ಆ ತುದಿಗೆ ಬಾಣಲಿಯ ಮಸಿ. ಬೂದಿಯ ಮೇಲೆ ಬೆರಳಿಟ್ಟು ಕೇಳಿದಳು.

"ಇದೇನು?"

"ಬೂದಿ."

"ಹ್ಞಾಂ."

ಅಷ್ಟೇ. ಪಕ್ಕದ ಚಿಟಿಕೆಗೆ ಬೆರಳು ಸರಿಸಿದಳು. ಅವತ್ತಿನಿಂದ ಅವಳು ತವರಿಗೆ ಹೋದಾಗ ಪ್ಲಗ್ಗು ನೋಡುವ ಕೆಲಸ ನನ್ನದಾಯಿತು. ಅಪ್ಪ ಒಂದು ಸಲವೂ "ದಿಟವಾಗ್ಲೂ?" ಎಂದು ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು. ನಾನೇ ಒಂದೊಂದು ಪ್ಲಗ್ಗನ್ನು ಮೂರು ಮೂರು ಸಲ ಬೆಳಕಿಗೆ ಒಯ್ದು, ನೆರಳಿಗೆ ತಂದು, ಮತ್ತೆ ಒಯ್ದು ನೋಡುತ್ತಿದ್ದೆ. ಆ ಚಡಪಡಿಕೆ ಹೋಗಲೇ ಇಲ್ಲ. ಈಗಲೂ ಗ್ಯಾಸ್ ಆರಿಸಿದ್ದೇನೆಯೇ ಎಂದು ಮೂರು ಸಲ ಏಳುತ್ತೇನೆ. ಎಷ್ಟೋ ವರ್ಷದ ಮೇಲೆ ನನ್ನ ಮಗನನ್ನು ರೈಲ್ವೆ ಕೆಲಸದ ಕಣ್ಣಿನ ಪರೀಕ್ಷೆಯಲ್ಲಿ ಬಣ್ಣ ಕಾಣುವುದಿಲ್ಲವೆಂದು ವಾಪಸ್ಸು ಕಳಿಸಿದರು. ತಾತನಿಂದ ಮಗಳ ಮೂಲಕ ಮೊಮ್ಮಗನಿಗೆ ಬರುತ್ತದೆ ಎಂದರು ಡಾಕ್ಟರು. ಆಗ ಅಪ್ಪ ಇರಲಿಲ್ಲ. ಅಮ್ಮ ಮ್ಲಾನವಾಗಿ ಕೂತಿದ್ದ ಮೊಮ್ಮಗನ ತಟ್ಟೆಗೆ ಇನ್ನೊಂದು ಮುದ್ದೆ ಇಟ್ಟು, ನಿಂಗೂ ಒಬ್ಬಳು ನೋಡೋಳು ಸಿಕ್ತಾಳೆ ತಿನ್ನಪ್ಪ ಎಂದಳು.

ಈ ವರ್ಷ ಅಮ್ಮನಿಗೆ ಕಾಮಾಲೆ ಕಾಣಿಸಿಕೊಂಡಿತು. ಚಿಕ್ಕಬಳ್ಳಾಪುರದ ಆಸ್ಪತ್ರೆಯಲ್ಲಿ ನೋಡಿ, ಪಿತ್ತಕೋಶದ ಹತ್ತಿರ ಗಡ್ಡೆ, ಈ ವಯಸ್ಸಿಗೆ ಏನೂ ಮಾಡುವ ಹಾಗಿಲ್ಲ, ಮನೆಗೆ ಕರೆದುಕೊಂಡು ಹೋಗಿ ಎಂದರು. ಅವಳಿಗೆ ಔಷಧಿಯಲ್ಲಿ ವಾಸಿಯಾಗುತ್ತದೆ ಎಂದು ಹೇಳಿದ್ದೆವು. ಅವಳ ಕೋಣೆಯ ಗೋಡೆಯಿಂದ ಕನ್ನಡಿ ತೆಗೆದು ಬೀರುವಿನ ಹಿಂದೆ ಇಟ್ಟೆ. ಕೇಳಿದ್ದಕ್ಕೆ ಒಡೆದುಹೋಯಿತು ಎಂದೆ. ದಿನಕ್ಕೆ ಹತ್ತು ಸಲ ಅವಳ ಕೋಣೆಗೆ ಹೋಗುತ್ತಿದ್ದೆ, ಹೊದಿಕೆ ಸರಿಮಾಡಿ ಹೊರಬರುತ್ತಿದ್ದೆ, ಬಂದ ತಕ್ಷಣ ಮತ್ತೆ ಹೋಗಬೇಕೆನಿಸುತ್ತಿತ್ತು. ಒಂದು ಬೆಳಿಗ್ಗೆ, ಎಳೆಬಿಸಿಲು ಮಂಚದ ಮೇಲೆ ಬಿದ್ದಿದ್ದಾಗ, ಅವಳು ನನ್ನ ಕೈ ಹಿಡಿದು ಕೂರಿಸಿದಳು.

"ಎಷ್ಟು ತಿರುಗ್ತೀಯೇ, ಕೂತ್ಕೋ. ನನ್ನ ಕಣ್ಣು ನೋಡು. ಹಳದಿ ಇಳಿದೈತಾ?"

"ಇಳಿದೈತಮ್ಮ. ಬೆಳ್ಳಗೈತೆ."

ಅವಳು ನನ್ನನ್ನೇ ನೋಡುತ್ತಿದ್ದಳು. ತುಟಿಯ ಕೊನೆ ಸ್ವಲ್ಪ ಅಲುಗಿತು.

"ಯಾಕೆ, ಜಂಗಮಕೋಟೆಗೆ ಹೋಗ್ಬೇಕಾ?"

ಅರವತ್ತು ವರ್ಷದ ಹತ್ತಿರ ಹತ್ತಿರ ನಾನು ಕಂಬದ ಹಿಂದೆ ನಿಂತು ಕಾದ ಮಾತು ಅದು.

"ಯಾವಾಗ ಗೊತ್ತಾಯ್ತಮ್ಮ ನಿಂಗೆ?"

"ಅವತ್ತೇ. ನಾನೇ ನೋಡ್ಕೊಂಡೆ ಅಂದ್ರಲ್ಲ ನಿಮ್ಮಪ್ಪ. ಅವರ ಕಣ್ಣು ನಂಗೊತ್ತಿಲ್ವಾ."

"ನಿನ್ನ ಹುಳದ ಕೋಣೆ ಹೋಯ್ತು ನನ್ನಿಂದ. ಒಂದು ಮಾತೂ ಬೈಲಿಲ್ಲ ನೀನು."

"ಹೋಯ್ತು." ಅದನ್ನು ಅವಳು ಇಲ್ಲವೆನ್ನಲಿಲ್ಲ. ಬಿಸಿಲಿನ ಕಡೆ ನೋಡಿದಳು. "ನನ್ನ ನೋಡಕ್ಕೆ ತಾನೇ ಹಂಗಂದಿದ್ದು ನೀನು. ಏನಂತ ಬೈಲಿ?"

ಹೊರಗೆ ಯಾವುದೋ ಗಾಡಿ ಸ್ಟಾರ್ಟ್ ಆಗಿ ಹೋಯಿತು. ಅವಳ ಕೈ ನನ್ನ ಕೈಯೊಳಗೇ ಇತ್ತು, ಹಗುರಾಗಿ, ಒಣಗಿ.

"ಈಗ ಸರಿಯಾಗಿ ನೋಡಿ ಹೇಳು," ಎಂದಳು.

ನಾನು ಕಿಟಕಿಯ ಪರದೆಯನ್ನು ಪೂರ್ತಿ ಸರಿಸಿದೆ. ಬಗ್ಗಿ ಅವಳ ಕೆಳ ರೆಪ್ಪೆಯನ್ನು ಬೆರಳಲ್ಲಿ ಸ್ವಲ್ಪ ಇಳಿಸಿ ನೋಡಿದೆ. ಒಂದೇ ಸಲ ನೋಡಿದೆ.

"ಹಳದಿ ಐತಮ್ಮ. ಜಾಸ್ತಿ ಆಗೈತೆ. ಹಣ್ಣು ಹುಳದ ಹಂಗೈತೆ."

"ಹ್ಞಾಂ," ಎಂದಳು ಅಮ್ಮ, ಎಲೆಯ ಮೇಲಿನ ಬೂದಿಗೆ ಹೇಳಿದ ಹಾಗೆಯೇ. "ಹಂಗಾದ್ರೆ ಕೈಯಲ್ಲಿ ಇಟ್ಕೋಬೇಡ ಕಣೇ. ಚಂದ್ರಂಕಿಗೆ ಬಿಡು."